ಅಣುಚಲನೆಯ ಗಣನೆ : ಎಲ್ಲೆಯನ್ನು ಎಲ್ಲಿ ಹಾಕಬೇಕು?

ವಸ್ತುವಿನೊಳಗಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ಆ ಚಲನೆಯನ್ನು ನ್ಯೂಟನ್ನನ ನಿಯಮಗಳಂತೆ ಗಣಕಯಂತ್ರದಲ್ಲಿ ಹಂತಹಂತವಾಗಿ ಲೆಕ್ಕ ಹಾಕುವ ವಿಧಾನವುಂಟು. ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನರು 1964ರಲ್ಲಿ ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಹೀಗೆ ಗಣಿಸಿ ತೋರಿಸಿದರು. ಇಂದು ಪ್ರೋಟೀನು, ಜೀವಕೋಶದ ಪೊರೆ, ಔಷಧ ಇವುಗಳ ಅಧ್ಯಯನಕ್ಕೂ ಈ ವಿಧಾನವೇ ನೆರವಾಗುತ್ತಿದೆ.

ಇದರಲ್ಲಿ ಮೊದಲ ತೊಡಕು ಸಂಖ್ಯೆಯದು. 10,000 ಪರಮಾಣುಗಳಿದ್ದರೆ ಅವುಗಳ ಜೋಡಿಗಳು ಸುಮಾರು 5 ಕೋಟಿ. ಪ್ರತಿ ಹಂತದಲ್ಲಿಯೂ ಅಷ್ಟು ಬಲಗಳನ್ನು ಗಣಿಸುವುದು ಬಹು ಶ್ರಮದ ಕಾರ್ಯ. ಆದುದರಿಂದ ಒಂದು ಗೊತ್ತಾದ ದೂರದಾಚೆಯ ಜೋಡಿಗಳನ್ನು ಕೈಬಿಡುವ ಪದ್ಧತಿ ಬಂದಿತು. ಆ ದೂರವನ್ನು ಎಲ್ಲೆದೂರವೆನ್ನಬಹುದು.

ಹೀಗೆ ಕೈಬಿಡುವುದು ಸರಿಯೇ? ಉತ್ತರವು ಬಲದ ಸ್ವಭಾವವನ್ನು ಅವಲಂಬಿಸಿದೆ. ವಾನ್ ಡರ್ ವಾಲ್ಸ್ ಆಕರ್ಷಣೆಯ ಶಕ್ತಿಯು ದೂರ ಇಮ್ಮಡಿಯಾದರೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಅದನ್ನು ಹತ್ತು ಹನ್ನೆರಡು ಆಂಗ್‌ಸ್ಟ್ರಾಮಿನಾಚೆ ಬಿಟ್ಟರೆ ಹಾನಿ ಅಲ್ಪ. ವಿದ್ಯುದಾವೇಶಗಳ ಶಕ್ತಿಯಾದರೋ ಕೇವಲ ಅರ್ಧಕ್ಕಿಳಿಯುತ್ತದೆ. ನಿರ್ವಾತದಲ್ಲಿ 10 ಆಂಗ್‌ಸ್ಟ್ರಾಮ್ ಅಂತರದಲ್ಲಿರುವ ಎರಡು ಏಕಮಾನ ಆವೇಶಗಳ ಶಕ್ತಿ ಮೋಲಿಗೆ ಸುಮಾರು 33 ಕಿಲೊಕ್ಯಾಲೊರಿ. ಸಾಮಾನ್ಯ ಉಷ್ಣತೆಯಲ್ಲಿ ಉಷ್ಣಚಲನೆಯ ಶಕ್ತಿಯ ಅಳತೆ ಕೇವಲ 0.6. ಇಂಥ ಬಲವನ್ನು ಥಟ್ಟನೆ ಕತ್ತರಿಸಿದರೆ ಪ್ರಕೃತಿಯಲ್ಲಿಲ್ಲದ ಗೋಡೆಯೊಂದನ್ನು ಕಟ್ಟಿದಂತಾಗುತ್ತದೆ. ಸಜಾತೀಯ ಅಯಾನುಗಳು ಆ ಎಲ್ಲೆಯ ಬಳಿ ಗುಂಪುಗೂಡುತ್ತವೆ. ಕೊಬ್ಬಿನ ಅಣುಗಳ ಪೊರೆಯ ರಚನೆಯೇ ಇದರಿಂದ ವಿಕಾರಗೊಳ್ಳುವುದನ್ನು 2003ರ ಅಧ್ಯಯನವೊಂದು ತೋರಿಸಿತು. ಗಣಕಯಂತ್ರವು ಈ ತಪ್ಪನ್ನು ತಾನಾಗಿ ಹೇಳುವುದಿಲ್ಲ. ಅಂಕಿಗಳು ಅಚ್ಚುಕಟ್ಟಾಗಿಯೇ ಹೊರಬರುತ್ತವೆ. ಅಪಾಯವಿರುವುದು ಇಲ್ಲಿಯೇ.

ಪರಿಹಾರದ ಬೀಜವನ್ನು ಜರ್ಮನಿಯ ಪಾಲ್ ಪೀಟರ್ ಎವಾಲ್ಡ್ 1921ರಲ್ಲಿಯೇ ಬಿತ್ತಿದ್ದರು. ಅವರು ಸ್ಫಟಿಕಗಳ ವಿದ್ಯುಚ್ಛಕ್ತಿಯ ಮೊತ್ತವನ್ನು ಎರಡಾಗಿ ವಿಂಗಡಿಸಿದರು. ಬೇಗ ಕ್ಷೀಣಿಸುವ ಭಾಗವನ್ನು ಜೋಡಿಜೋಡಿಯಾಗಿ, ನಯವಾಗಿ ಹರಡಿದ ಭಾಗವನ್ನು ಅಲೆಗಳ ಮೊತ್ತವಾಗಿ ಗಣಿಸುವುದು ಇದರ ಮರ್ಮ. 1993ರಲ್ಲಿ ಡಾರ್ಡನ್, ಯಾರ್ಕ್, ಪೆಡರ್ಸನ್ ಎಂಬ ವಿಜ್ಞಾನಿಗಳು ಎರಡನೆಯ ಭಾಗವನ್ನು ಚೌಕುಳಿ ಜಾಲದ ಮೇಲೆ ಶೀಘ್ರವಾಗಿ ಗಣಿಸುವ ಕ್ರಮವನ್ನು ರೂಪಿಸಿದರು. ಇಲ್ಲಿ ಎಲ್ಲೆಯಾಚೆಯ ಆವೇಶಗಳು ಕೈಬಿಟ್ಟು ಹೋಗುವುದಿಲ್ಲ; ಎಲ್ಲೆಯು ಕೆಲಸವನ್ನು ಹಂಚುವ ಗೆರೆ ಮಾತ್ರ.

ಆಯ್ಕೆಯ ನಿಯಮಗಳು ಸರಳ. ಎಲ್ಲೆದೂರವು ಸಾಮಾನ್ಯವಾಗಿ 8ರಿಂದ 12 ಆಂಗ್‌ಸ್ಟ್ರಾಮ್. ಬಳಸುವ ಬಲಸೂತ್ರಗಳನ್ನು ಯಾವ ಎಲ್ಲೆಯೊಡನೆ ರೂಪಿಸಿದ್ದರೋ ಅದನ್ನೇ ಅನುಸರಿಸುವುದು ಲೇಸು. ಅದು ಗಣನೆಯ ಪೆಟ್ಟಿಗೆಯ ಅರ್ಧ ಅಗಲವನ್ನು ಮೀರಬಾರದು. ಜಾಲದ ಕಣ್ಣು ಸುಮಾರು 1 ಆಂಗ್‌ಸ್ಟ್ರಾಮ್ ಇರಲಿ. ಒಟ್ಟು ಆವೇಶ ಸೊನ್ನೆಯಾಗಿರಲಿ. ಕಡೆಗೆ, ಎಲ್ಲೆಯನ್ನು ತುಸು ಬದಲಿಸಿ ಫಲಿತಾಂಶ ಸ್ಥಿರವಾಗಿ ನಿಲ್ಲುವುದೇ ಎಂದು ಪರೀಕ್ಷಿಸಬೇಕು.

ಲೆಕ್ಕದಲ್ಲಿ ಏನನ್ನಾದರೂ ಬಿಡುವುದು ಅನಿವಾರ್ಯ. ಬಿಟ್ಟದ್ದೇನು, ಏಕೆ ಬಿಟ್ಟೆವು ಎಂಬುದನ್ನು ಅರಿತಿರುವುದೇ ವಿಜ್ಞಾನದ ಪ್ರಾಮಾಣಿಕತೆ.