ಕಾಗಿಣಾ ಸೀಮೆಯ ಬಾವಿಯ ನೀರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ನೆಲವು ಸುಣ್ಣಕಲ್ಲಿನದು. ಹಾಸುಗಲ್ಲಿಗೂ ಸಿಮೆಂಟಿಗೂ ಆಕರವಾದ ಈ ಕಲ್ಲನ್ನು ಕರಗಿಸಿಕೊಂಡು ಬರುವುದರಿಂದಲೇ ಬಾವಿಯ ನೀರು ಗಡುಸಾಗುವುದು. ಇಂತಹ ನೀರಿನಲ್ಲಿ ತೊಗರಿಬೇಳೆ ಬೇಗನೆ ಬೇಯದು, ಸಾಬೂನು ನೊರೆಗಟ್ಟದು.

ಗಡಸುತನವು ಗೃಹಿಣಿಗೆ ತಾನಾಗಿ ತಿಳಿಯುವುದು, ನೈಟ್ರೇಟು ತಿಳಿಯದು. ಬಾವಿಯ ಮಗ್ಗುಲಿನ ತಿಪ್ಪೆ, ಶೌಚದ ಗುಂಡಿ, ಮಿತಿಮೀರಿ ಚೆಲ್ಲಿದ ಯೂರಿಯಾ ಇವುಗಳಿಂದ ಹುಟ್ಟಿ, ಅದು ಕಲ್ಲಿನ ಬಿರುಕುಗಳ ಮೂಲಕ ನೀರನ್ನು ಸೇರುವುದು. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲವೆಂದು 2012ರ ಭಾರತೀಯ ಮಾನಕವು ವಿಧಿಸಿದೆ. ಅಂತಹ ನೀರಿನಲ್ಲಿ ಕದಡಿದ ಪುಡಿಹಾಲನ್ನು ಕುಡಿದ ಎಳೆಗೂಸಿನ ರಕ್ತವು ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಗಟ್ಟುವ ಅಪಾಯವುಂಟು. ಕಾಯಿಸುವುದರಿಂದ ಕ್ರಿಮಿಗಳು ಸಾಯುವುವೇ ಹೊರತು ನೈಟ್ರೇಟು ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣವು ಏರುವುದು.

ಚಿಂಚೋಳಿಯಿಂದ ಶಹಾಬಾದ್‌ವರೆಗಿನ ಗ್ರಾಮಗಳಿಗೆ ಕ್ಷೇತ್ರಾಭ್ಯಾಸಕ್ಕಾಗಿ ಬರುವ ಸ್ನಾತಕೋತ್ತರ ವಿದ್ಯಾರ್ಥಿಯ ಕೆಲಸವು ಇಲ್ಲಿಂದಲೇ ಮೊದಲಾಗತಕ್ಕದ್ದು. ಒಂದೇ ಬಾವಿಯ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಶುದ್ಧವಾದ ಸೀಸೆಯಲ್ಲಿ ಹಿಡಿದು, ಸ್ಥಳವನ್ನೂ ದಿನವನ್ನೂ ಬರೆದು ಪ್ರಯೋಗಶಾಲೆಗೆ ಒಪ್ಪಿಸಬೇಕು. ಬಂದ ಅಂಕಿಗಳು ಪ್ರಬಂಧದಲ್ಲಿಯೇ ಉಳಿದರೆ ರೈತನಿಗೆ ಫಲವಿಲ್ಲ. ಅವನ್ನು ಗ್ರಾಮಸಭೆಯಲ್ಲಿ ತಿಳಿಗನ್ನಡದಲ್ಲಿ ಓದಿ ಹೇಳಿ, ತಿಪ್ಪೆಯನ್ನು ಬಾವಿಯಿಂದ ದೂರ ಸರಿಸುವುದಕ್ಕೂ, ದೋಷವುಳ್ಳ ಬಾವಿಗೆ ಬದಲಾಗಿ ಬೇರೆ ನೀರನ್ನು ಒದಗಿಸುವುದಕ್ಕೂ ನಿರ್ಣಯವನ್ನು ಬರೆಯಿಸಬೇಕು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡುಂಟು. ವಿದ್ಯಾರ್ಥಿಯು ಊರನ್ನು ಬಿಟ್ಟ ಬಳಿಕ ಈ ಕಾರ್ಯವನ್ನು ನಡೆಸಿಕೊಂಡು ಹೋಗತಕ್ಕವರು ಅವರೇ. ಆದುದರಿಂದ ಮೊದಲನೆಯ ಸೀಸೆಯನ್ನು ತುಂಬುವಾಗಲೇ ಅವರನ್ನು ಜೊತೆಗೆ ಕರೆದುಕೊಳ್ಳುವುದು ಲೇಸು.