ಹೂಬಿಡುವ ಮರಗಳನ್ನು ಗುರುತಿಸಿ ಆರಿಸಿಕೊಳ್ಳುವ ಬಗೆ

ಶಾಲೆಯ ಅಂಗಳ, ಗುಂಡುತೋಪು, ಕೆರೆಯ ಅಂಚು, ಊರೊಳಕ್ಕೆ ಬರುವ ದಾರಿ, ಇವುಗಳಲ್ಲಿ ಹೂಬಿಡುವ ಮರಗಳನ್ನು ಬೆಳೆಸಬೇಕೆಂಬ ಆಸೆಯು ಶ್ಲಾಘ್ಯವಾದುದೇ ಸರಿ. ಆದರೆ ಪೆರೇಸಂದ್ರದ ಸುತ್ತಮುತ್ತ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಮಳೆಯೂ ವರ್ಷಕ್ಕೆ ಸುಮಾರು 700 ಮಿಲ್ಲಿಮೀಟರುಗಳ ಆಸುಪಾಸಿನದು. ಇಂಥ ಕೆಂಪು ನೆಲದಲ್ಲಿ ತಕ್ಕುದಲ್ಲದ ಗಿಡವನ್ನು ನೆಟ್ಟರೆ ಎರಡು ಮೂರು ಬೇಸಗೆ ಹೊತ್ತು ಹಾಕಿದ ನೀರೆಲ್ಲ ವ್ಯರ್ಥವಾಗುವುದು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಗಿಡಗಳನ್ನು ತರಿಸುವುದಕ್ಕೆ ಮೊದಲು ಅವುಗಳ ಗುರುತನ್ನು ಅರಿತಿರುವುದು ಅವಶ್ಯಕ.

ಬರಿಯ ಹೆಸರನ್ನು ನಂಬಿದವರು ಮೋಸಹೋಗುವುದುಂಟು. ಅಶೋಕ ಬೇಕೆಂದು ಕೇಳಿದವರಿಗೆ ಬಹುಮಟ್ಟಿಗೆ ದೊರೆಯುವುದು, ಕಂಬದಂತೆ ನೆಟ್ಟಗೆ ಬೆಳೆದು ಅಲೆಯಂಚಿನ ಉದ್ದನೆಯ ಎಲೆಗಳನ್ನು ಇಳಿಬಿಡುವ ಮರ. ಅದರ ಹೂ ಹಸಿರಾಗಿರುವುದರಿಂದ ಕಣ್ಣಿಗೆ ಬೀಳುವುದೇ ಅಪರೂಪ. ನಿಜವಾದ ಅಶೋಕದಲ್ಲಿ ಒಂದೊಂದು ಕಡ್ಡಿಗೂ ಹಲವು ಜೊತೆ ಕಿರುಎಲೆಗಳಿರುವುವು; ಹೂಗೊಂಚಲು ಕಿತ್ತಳೆ ಬಣ್ಣದಿಂದ ಕೆಂಪಿಗೆ ತಿರುಗುವುದು. ಅದು ಘಟ್ಟದ ತಂಪಿನಲ್ಲಿ ಬೆಳೆಯುವ ಮರವಾದ್ದರಿಂದ ನೀರಿನ ಆಸರೆಯಿಲ್ಲದ ನಮ್ಮ ಬಯಲಿಗೆ ಒಗ್ಗತಕ್ಕದ್ದಲ್ಲ.

ಇದಕ್ಕಿಂತ ಹೆಚ್ಚಿನ ಅಪಾಯವು ಕಕ್ಕೆಯ ವಿಷಯದಲ್ಲಿದೆ. ಕಕ್ಕೆಯನ್ನು ಹೋಲುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಖಂಡದ ಮರವು ಅಂದಕ್ಕಾಗಿ ಬಂದು, ಬಂಡೀಪುರ, ನಾಗರಹೊಳೆಗಳ ಕಾಡಿಗೆ ನುಗ್ಗಿ, ಅಲ್ಲಿನ ಹುಲ್ಲನ್ನೂ ಎಳೆಯ ಗಿಡಗಳನ್ನೂ ಅಡಗಿಸುತ್ತಿದೆ. ಕಡಿದರೂ ಬುಡದಿಂದ ಮತ್ತೆ ಚಿಗುರುವುದು. ಇವೆರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಕಕ್ಕೆಯ ಹೂಗೊಂಚಲು ದೀಪದ ಸರದಂತೆ ಕೆಳಕ್ಕೆ ತೂಗುವುದು. ಇನ್ನೊಂದರದು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುವುದು. ಕಕ್ಕೆಯ ಕಿರುಎಲೆಗಳು ದೊಡ್ಡವು, ಸಂಖ್ಯೆಯಲ್ಲಿ ಕಡಮೆ. ಇನ್ನೊಂದರವು ಸಣ್ಣವು, ಸಂಖ್ಯೆಯಲ್ಲಿ ಹೆಚ್ಚು. ಹೂವಿಲ್ಲದ ಕಾಲದಲ್ಲಿ ಸಸಿಯನ್ನು ಕೊಳ್ಳುವವರು ಎಲೆಯನ್ನೇ ಎಣಿಸಿ ನೋಡತಕ್ಕದ್ದು.

ಹಳದಿ ಕಣಗಿಲೆಯು ನೀರಿಲ್ಲದೆಯೂ ಬದುಕಿ ವರ್ಷದ ಬಹುಕಾಲ ಹೂಬಿಡುವುದು ನಿಜ. ಆದರೆ ಅದರ ಬೀಜವು ಪ್ರಾಣಕ್ಕೆ ಎರವಾಗುವ ವಿಷ. ಶಾಲೆಯ ಬಳಿಯಲ್ಲಾಗಲಿ, ದನ ಕಟ್ಟುವಲ್ಲಾಗಲಿ ಅದನ್ನು ನೆಡಲೇಬಾರದು.

ಆಯ್ಕೆಗೆ ಒಂದು ಒಳ್ಳೆಯ ಮಾದರಿ ನಮ್ಮ ನಾಡಿನಲ್ಲೇ ಇದೆ. 1908 ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಜಿ. ಎಚ್. ಕೃಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಇದೇ ಕ್ರಮವನ್ನು ಹಳ್ಳಿಯಲ್ಲೂ ಅನುಸರಿಸಬಹುದು. ಫೆಬ್ರವರಿ, ಮಾರ್ಚಿಗೆ ಮುತ್ತುಗ. ಅದರ ಎಲೆ ಊಟಕ್ಕೂ ಬರುವುದು. ಅದರ ಹಿಂದೆಯೇ ಹೊಂಗೆ. ಹೂ ಚಿಕ್ಕದಾದರೂ ನೆರಳು, ಎಣ್ಣೆಬೀಜ, ಹಸುರುಗೊಬ್ಬರ ಮೂರನ್ನೂ ಕೊಡುವ ಈ ಮರಕ್ಕೆ ಹೊಲದ ಬದುವಿನಲ್ಲಿ ಸಾಟಿಯಿಲ್ಲ. ಏಪ್ರಿಲ್, ಮೇ ತಿಂಗಳುಗಳಿಗೆ ಕಕ್ಕೆ. ತೇವವಿರುವ ಕೆರೆಯ ಕೆಳಗಡೆಗೆ ನೇರಳೆ ಬಣ್ಣದ ಹೊಳೆದಾಸವಾಳ. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ಅದರ ಕೊಂಬೆ ಗಾಳಿಗೆ ಮುರಿಯುವುದರಿಂದ ಮನೆಗಳಿಂದ ದೂರವಿರಲಿ. ಗುಲ್‌ಮೊಹರಿಗೂ ಇದೇ ದೋಷವುಂಟು. ಜನರು ಅದನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ ನೆಟ್ಟಿದ್ದಾರೆಂದು ನಮ್ಮ ಅಭಿಪ್ರಾಯ. ನಮ್ಮ ಬೀಳುನೆಲದಲ್ಲಿ ತಾನಾಗಿ ಅರಳುವ ತಂಗಡಿಯನ್ನು ಕಳೆಯೆಂದು ಕೀಳುವವರು, ಬೇಲಿಯ ಸಾಲಿಗೆ ಅದನ್ನೇ ಒಮ್ಮೆ ಬಿಟ್ಟು ನೋಡಲಿ.

ಕಕ್ಕೆಯು ಹೂಬಿಟ್ಟಿರುವಾಗಲೇ ಒಳ್ಳೆಯ ಮರವೊಂದಕ್ಕೆ ಸುಣ್ಣದ ಗುರುತು ಹಾಕಿಡಬೇಕು. ಅದರ ಕೋಲಿನಂಥ ಕಾಯಿಗಳು ಮುಂದಿನ ಚಳಿಗಾಲದ ಹೊತ್ತಿಗೆ ಕಪ್ಪಾಗಿ ಬಲಿಯುವುವು. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬಿತ್ತತಕ್ಕದ್ದು. ಬೇಸಗೆಯಲ್ಲೇ ಎರಡಡಿ ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಮಳೆ ಹಿಡಿದೊಡನೆ ಸಸಿಯನ್ನು ನೆಟ್ಟು, ಆಡು ಕುರಿಗಳು ಮೇಯದಂತೆ ಸುತ್ತಲೂ ಮುಳ್ಳು ಕಟ್ಟಿಸಬೇಕು.