ಹೋಲಿಕೆಯ ಶೇಕಡಾವಾರು: ನಂಬಿರುವುದೇನು, ಇರುವುದೇನು

ಅಸೈನ್‌ಮೆಂಟ್ ಅಪ್‌ಲೋಡ್ ಮಾಡಿದ ವಿದ್ಯಾರ್ಥಿ ಮೊದಲು ನೋಡುವುದು ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದ ರಿಪೋರ್ಟಿನ ಮೇಲ್ಗಡೆ ಇರುವ ಒಂದು ಅಂಕಿಯನ್ನು. ಎಷ್ಟೋ ಮೇಷ್ಟ್ರುಗಳು ನೋಡುವುದೂ ಅಷ್ಟನ್ನೇ. ಆ ಅಂಕಿಯ ಸುತ್ತ ಬೆಳೆದ ನಂಬಿಕೆಗಳಿಂದ ಪ್ರಾಮಾಣಿಕವಾಗಿ ಬರೆದವರು ಹೆದರುತ್ತಿದ್ದಾರೆ, ನಕಲು ಮಾಡಿದವರು ನಿಶ್ಚಿಂತರಾಗಿದ್ದಾರೆ.

‘ಶೇ. 30 ಬಂದಿದೆಯೆಂದರೆ ಶೇ. 30 ಕದ್ದಿದ್ದು’

ಹಾಗಲ್ಲ. ಟರ್ನಿಟಿನ್, ಡ್ರಿಲ್‌ಬಿಟ್‌ನಂಥ ತಂತ್ರಾಂಶಗಳು ನಮ್ಮ ಬರಹವನ್ನು ವೆಬ್ ಪುಟ, ಸಂಶೋಧನಾ ಲೇಖನ, ಈ ಹಿಂದೆ ಸಲ್ಲಿಕೆಯಾದ ಬರಹಗಳ ಜೊತೆ ತಾಳೆ ನೋಡಿ, ಪದಗಳು ಸಾಲಾಗಿ ಹೊಂದಿದ ಕಡೆ ಬಣ್ಣ ಹಚ್ಚುತ್ತವೆ. ಕದ್ದದ್ದೋ, ಹೆಸರು ಹೇಳಿ ಬಳಸಿದ್ದೋ ಎಂದು ತೀರ್ಮಾನಿಸುವ ಕೆಲಸ ಓದುವವರದು.

ವಚನ ಸಾಹಿತ್ಯದ ಮೇಲೆ ಹುಡುಗಿಯೊಬ್ಬಳು ಬರೆದ ಎಂ.ಎ. ಅಸೈನ್‌ಮೆಂಟನ್ನೇ ತೆಗೆದುಕೊಳ್ಳಿ. ಪ್ರತಿ ಪುಟದಲ್ಲೂ ಬಸವಣ್ಣನವರದೋ ಅಕ್ಕಮಹಾದೇವಿಯದೋ ಒಂದು ವಚನವಿರುತ್ತದೆ. ಆ ವಚನಗಳು ಹತ್ತಾರು ವೆಬ್‌ಸೈಟುಗಳಲ್ಲಿವೆ, ಬಣ್ಣ ಬಂದೇ ಬರುತ್ತದೆ. ಜೊತೆಗೆ ಇಡೀ ತರಗತಿಗೆ ಒಂದೇ ಆಗಿರುವ ಪ್ರಶ್ನೆ, ಮುಖಪುಟ, ಗ್ರಂಥಋಣ. ಉದ್ಧರಣೆ ಮತ್ತು ಗ್ರಂಥಋಣವನ್ನು ಬಿಟ್ಟು ಲೆಕ್ಕ ಹಾಕುವ ಆಯ್ಕೆ ಸಾಮಾನ್ಯವಾಗಿ ತಂತ್ರಾಂಶದಲ್ಲೇ ಇರುತ್ತದೆ. ಅದನ್ನು ಒತ್ತದೆ ಹುಡುಗಿಯನ್ನು ಕರೆದು ಬೈಯುವುದು ಅನ್ಯಾಯ. ವಚನಕ್ಕೆ ಬಣ್ಣವೇ ಬಾರದಿದ್ದರೆ ಅದನ್ನು ಸರಿಯಾಗಿ ಬರೆದುಕೊಂಡಿದ್ದಾಳೋ ಇಲ್ಲವೋ ಎಂದು ನೋಡುವುದು ಒಳ್ಳೆಯದು.

‘ಶೇ. 10ರೊಳಗಿದ್ದರೆ ಪಾಸು’

ಈ ನಂಬಿಕೆಯ ಮೂಲ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿ. ಶೇ. 10ರವರೆಗಿನ ಹೋಲಿಕೆಗೆ ಅದರಲ್ಲಿ ದಂಡವಿಲ್ಲ. ಪ್ರಬಂಧದಲ್ಲಿ ಹೋಲಿಕೆ ಶೇ. 10ರಿಂದ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು; 40ರಿಂದ 60 ಆದರೆ ಒಂದು ವರ್ಷ ಮರುಸಲ್ಲಿಕೆ ಇಲ್ಲ; 60 ದಾಟಿದರೆ ನೋಂದಣಿಯೇ ರದ್ದು. ಆದರೆ ಇದೆಲ್ಲ ಪಿಎಚ್‌ಡಿ ಪ್ರಬಂಧ, ಸಂಶೋಧನಾ ಲೇಖನಗಳಂಥ ಬರಹಕ್ಕೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಅದೇ ನಿಯಮಾವಳಿ ಹೊರಗಿಟ್ಟಿದೆ. ಅವುಗಳ ಮಿತಿ ಕಾಲೇಜಿನದೋ ವಿಭಾಗದ್ದೋ ಆಗಿರುತ್ತದೆ. ಅದು ಎಷ್ಟೆಂದು ಮೊದಲೇ ಕೇಳಿಕೊಳ್ಳುವುದು ವಿದ್ಯಾರ್ಥಿಯ ಹಕ್ಕು.

ಇನ್ನೊಂದು ವಿಷಯ. ಹತ್ತು ಸಾವಿರ ಪದಗಳ ಬರಹದಲ್ಲಿ ಬೇರೊಬ್ಬರ ಮುನ್ನೂರು ಪದಗಳನ್ನು ಹಾಗೇ ಎತ್ತಿಟ್ಟರೆ ಬರುವುದು ಶೇ. 3. ಅಂಕಿ ಚಿಕ್ಕದಾದರೂ ಆ ಮುನ್ನೂರು ಪದಗಳು ಕದ್ದವೇ.

‘ನನ್ನದೇ ಬರಹಕ್ಕೆ ಹೋಲಿಕೆ ಬರುವುದಿಲ್ಲ’

ಬರುತ್ತದೆ. ಕರಡನ್ನು ಒಮ್ಮೆ ಅಪ್‌ಲೋಡ್ ಮಾಡಿದಾಗ ಅದು ತಂತ್ರಾಂಶದ ಸಂಗ್ರಹಕ್ಕೆ ಸೇರಿಕೊಂಡಿದ್ದರೆ, ಮುಂದಿನ ಸಲ ನಿಮ್ಮ ಪ್ರತಿ ನಿಮ್ಮ ಕರಡಿಗೇ ಹೊಂದಿ ಶೇ. 90 ದಾಟಬಹುದು. ರಿಪೋರ್ಟಿನಲ್ಲಿ ಮೂಲ ಯಾವುದೆಂದು ನೋಡಿದರೆ ಗೊತ್ತಾಗುತ್ತದೆ.

‘ಕನ್ನಡಕ್ಕೆ ಸೊನ್ನೆ ಬಂದಿದೆ, ಅಂದರೆ ಸ್ವಂತದ್ದು’

ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲೇ. ಕನ್ನಡದ ಹಳೆಯ ವಿಮರ್ಶಾ ಗ್ರಂಥಗಳಲ್ಲಿ ಬಹಳಷ್ಟು ಅಂತರ್ಜಾಲದಲ್ಲಿ ಹುಡುಕಬಹುದಾದ ಅಕ್ಷರವಾಗಿ ಇಲ್ಲ. ಇರುವ ಕೆಲವೂ ಸ್ಕ್ಯಾನ್ ಮಾಡಿದ ಚಿತ್ರಗಳು. ಅಲ್ಲಿಂದ ಪುಟಗಟ್ಟಲೆ ಇಳಿಸಿಕೊಂಡರೂ ತಾಳೆ ನೋಡಲು ಯಂತ್ರದ ಬಳಿ ಮೂಲವೇ ಇರುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸಿ, ಲೇಖಕರ ಹೆಸರು ಬಿಟ್ಟಿದ್ದೂ ಬಹುಪಾಲು ತಪ್ಪಿಸಿಕೊಳ್ಳುತ್ತದೆ. ಅದೂ ಕೃತಿಚೌರ್ಯವೇ. ಇಂಥದ್ದನ್ನು ಹಿಡಿಯಬಲ್ಲವರು ಆ ಪುಸ್ತಕಗಳನ್ನು ಓದಿರುವ ಅಧ್ಯಾಪಕರು ಮಾತ್ರ.

ಫಾಂಟಿನ ತೊಡಕೂ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಕೂತಿರುವುದು ರೋಮನ್ ಅಕ್ಷರ, ಚಿಹ್ನೆಗಳು. ಯುನಿಕೋಡ್‌ನಲ್ಲಿರುವ ವೆಬ್ ಪುಟದ ಜೊತೆ ಅದು ಹೊಂದುವುದಾದರೂ ಹೇಗೆ? ಪರೀಕ್ಷಿಸುವುದು ಸುಲಭ. ಸಲ್ಲಿಸಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ, ಆ ಸೊನ್ನೆಗೆ ಬೆಲೆಯಿಲ್ಲ. ಯುನಿಕೋಡ್‌ಗೆ ಬದಲಾಯಿಸಿ ಮತ್ತೊಮ್ಮೆ ಪರೀಕ್ಷೆಗೆ ಹಾಕಬೇಕು.